ಜಪ್ಪಯ್ಯ ಎಂದರೂ ಕದಲದ ನಟ್ಟು

ಟ್ರ್ಯಾಕ್ಟರಿಗೆ ಜೋಡಿಸುವ, ಹುಲ್ಲು ಕತ್ತರಿಸುವ ಮೋವರ್ ಯಂತ್ರದ ಬ್ಲೇಡನ್ನು ಸಾಣೆ ಹಿಡಿಸಲು ಬಿಚ್ಚುವುದು ಅದರ ಕೈಪಿಡಿಯ ಪ್ರಕಾರ ಒಂದು ಸಾಲಿನ ಕೆಲಸ: ನಟ್ಟನ್ನು ಸಡಿಲಿಸಿ, ಬ್ಲೇಡನ್ನು ಹೊರತೆಗೆಯಿರಿ. ಆ ಸಾಲನ್ನು ಬರೆದ ಪುಣ್ಯಾತ್ಮರ ಮುಂದೆ ಹೊಸ ಯಂತ್ರವೇ ಇದ್ದಿರಬೇಕು. ಹಸಿ ಹುಲ್ಲಿನ ರಸ ಕುಡಿದು, ಅದರ ಮೇಲೆ ಮಣ್ಣು ಮೆತ್ತಿಕೊಂಡು, ನಟ್ಟು ಯಾವುದು, ವಾಷರ್ ಯಾವುದು ಎಂಬ ಭೇದವೇ ಅಳಿದುಹೋದ ಕಂದು ಮುದ್ದೆಯನ್ನು ಅವರು ಕಂಡಿರಲಾರರು.

ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಎತ್ತಿದ ಮೋವರಿನ ಅಡಿಗೆ ಗಟ್ಟಿ ಮರದ ದಿಮ್ಮಿಗಳನ್ನಿಟ್ಟು (ಹೈಡ್ರಾಲಿಕ್ಸನ್ನು ನಂಬಿ ಅದರ ಕೆಳಗೆ ತಲೆ ಕೊಡುವವರ ಧೈರ್ಯ ನನಗಿಲ್ಲ) ನಾನು ಸ್ಪ್ಯಾನರ್ ಹಿಡಿದೆ. ನಟ್ಟು ಜಪ್ಪಯ್ಯ ಎಂದರೂ ಕದಲಲಿಲ್ಲ. ಅದರ ಹಟಕ್ಕೆ ಕಾರಣವಿದೆ. ಕಬ್ಬಿಣ ತುಕ್ಕಾದಾಗ ತನ್ನ ಮೂಲ ಗಾತ್ರದ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಎರಡು ದಿನಕ್ಕೆಂದು ಬಂದು ಸಂಸಾರವನ್ನೆಲ್ಲ ಕರೆಸಿಕೊಂಡ ನೆಂಟನಂತೆ ಅದು ಥ್ರೆಡ್ಡುಗಳ, ಅಂದರೆ ನಟ್ಟು ಬೋಲ್ಟುಗಳ ಸುರುಳಿ ಗೆರೆಗಳ, ನಡುವಿನ ಸಂದನ್ನೆಲ್ಲ ತುಂಬಿ ಕೂರುತ್ತದೆ.

ಕದಲದ ನಟ್ಟಿಗೆ ಸಲಹೆಗಾರರನ್ನು ಸೆಳೆಯುವ ಶಕ್ತಿಯೊಂದಿದೆ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಹಾಕಬೇಕೆಂದರು ಮೊದಲನೆಯವರು. ಸಲಹೆ ಸರಿಯಾಗಿಯೇ ಇತ್ತು. ಸೂಕ್ಷ್ಮ ಬಿರುಕುಗಳಲ್ಲಿ ತಾನಾಗಿ ಹರಿದು ಒಳಸೇರುವ ಗುಣ ಆ ಎಣ್ಣೆಗಿದೆ. ಆದರೆ ಅದಕ್ಕೆ ಒಂದು ರಾತ್ರಿಯಾದರೂ ಬೇಕು, ನೋಡುತ್ತ ನಿಂತವರಿಗೋ ಚಹಾ ಆರುವಷ್ಟೂ ಪುರುಸೊತ್ತಿಲ್ಲ. ಎರಡನೆಯವರು ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಪೈಪನ್ನು ತೊಡಿಸಿದರು. ಒಂದು ಅಡಿಯ ಹಿಡಿ ಮೂರು ಅಡಿಯಾದರೆ ಅದೇ ತೋಳಿನ ಬಲಕ್ಕೆ ಮೂರರಷ್ಟು ತಿರುಚುವ ಶಕ್ತಿ ಬರುತ್ತದೆ. ಅದು ನಟ್ಟನ್ನು ತಿರುಗಿಸಬೇಕೋ, ನಟ್ಟಿನ ಮೂಲೆಗಳನ್ನು ಸವೆಸಬೇಕೋ ಎಂಬುದು ಮಾತ್ರ ಪೈಪಿಗೆ ತಿಳಿಯದು. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಮೂಲೆಗಳನ್ನೇ ಕಚ್ಚುವುದರಿಂದ ಆರು ಮೂಲೆಯ ನಟ್ಟು ನಮ್ಮ ಕಣ್ಣೆದುರೇ ಗುಂಡಗಾಗತೊಡಗಿತು. ಆರು ಮೂಲೆಯ ಸಾಕೆಟ್ಟನ್ನು ಹುಡುಕಿ ತರುವ ಹೊತ್ತಿಗೆ ಮೂರನೆಯವರು ಬೆಂಕಿಯ ಪ್ರಸ್ತಾಪವನ್ನು ಮಂಡಿಸಿದ್ದರು.

ನಟ್ಟನ್ನು ಮಾತ್ರ ಬೇಗನೆ ಕಾಯಿಸಿದರೆ ಅದು ಬೋಲ್ಟಿಗಿಂತ ಮೊದಲು ಹಿಗ್ಗುತ್ತದೆ, ತುಕ್ಕು ಬಿರಿಯುತ್ತದೆ ಎಂಬುದು ನಿಜ. ಆದರೆ ಈಗಷ್ಟೇ ಎಣ್ಣೆ ಕುಡಿಸಿದ ನಟ್ಟು, ಅದರ ಸುತ್ತ ಒಣಹುಲ್ಲಿನ ಪುಡಿ, ಮೇಲೆ ಗೇರ್‌ಬಾಕ್ಸಿನ ರಬ್ಬರ್ ಸೀಲು ಇರುವಲ್ಲಿ ಬೆಂಕಿಯುಗುಳುವ ಟಾರ್ಚ್ ಹಚ್ಚುವವರು ನಟ್ಟಿನ ಜೊತೆಗೆ ಮೋವರಿಗೂ ವಿದಾಯ ಹೇಳಲು ಸಿದ್ಧರಿರಬೇಕು. ಬೆಂಕಿಯನ್ನು ತಡೆದೆ, ಬಲವನ್ನು ತಡೆಯಲಾಗಲಿಲ್ಲ. ಇಬ್ಬರು ಪೈಪಿಗೆ ಜೋತುಬಿದ್ದು ಬೆವರಿಳಿಸಿದ ಮೇಲೆ, ಅಷ್ಟೂ ಹೊತ್ತು ಬಾಯಿಬಿಡದೆ ನಿಂತಿದ್ದ ಹಿರಿಯರೊಬ್ಬರು, ಕೆಲವು ಮೋವರುಗಳಲ್ಲಿ ಎಂದಿನದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿಸಿ ಬಿಚ್ಚಬೇಕಾದ ಎಡ ಥ್ರೆಡ್ಡಿನ ನಟ್ಟು ಇರುತ್ತದಲ್ಲವೇ ಎಂದು ಮೆಲ್ಲಗೆ ಕೇಳಿದರು. ಕೈಪಿಡಿಯನ್ನು ತಿರುವಿದರೆ ಅದು ನಿಜವೇ ಆಗಿತ್ತು. ಊರಿನ ಬಲವೆಲ್ಲ ಸೇರಿ ಅದನ್ನು ಬಿಗಿಗೊಳಿಸುತ್ತಿತ್ತು.

ಎಣ್ಣೆಗೆ ಅದರ ಪಾಲಿನ ರಾತ್ರಿಯನ್ನು ಕೊಟ್ಟೆವು. ಮರುದಿನ ನಟ್ಟಿನ ಪಕ್ಕಗಳಿಗೆ ಸುತ್ತಿಗೆಯಿಂದ ಹದವಾಗಿ ಬಡಿದು, ಬಿಚ್ಚುವ ದಿಕ್ಕಿಗೆ ತುಸು, ಬಿಗಿಯುವ ದಿಕ್ಕಿಗೆ ತುಸು ಎಂದು ಓಲೈಸುತ್ತಿರುವಾಗ 'ಟಕ್' ಎಂಬ ಸದ್ದಾಯಿತು. ನಟ್ಟು ಬಿಟ್ಟುಕೊಂಡರೂ ಇದೇ ಸದ್ದು, ಬೋಲ್ಟು ಮುರಿದರೂ ಇದೇ ಸದ್ದು. ಆದ್ದರಿಂದ ನೋಡುವ ಧೈರ್ಯ ಯಾರಿಗೂ ಕೂಡಲೇ ಬರಲಿಲ್ಲ. ಈ ಸಲ ಬಿಟ್ಟುಕೊಂಡದ್ದು ನಟ್ಟೇ.

ಸಾಣೆ ಹಿಡಿದ ಬ್ಲೇಡನ್ನು ಹೊಸ ನಟ್ಟು ಹಾಕಿ, ಥ್ರೆಡ್ಡಿಗೆ ತುಕ್ಕು ತಡೆಯುವ ಪೇಸ್ಟ್ ಬಳಿದು, ಕೈಪಿಡಿ ಹೇಳಿದಷ್ಟೇ ಬಿಗಿದು ಮೋವರನ್ನು ಕೆಳಗಿಳಿಸುವಾಗ ಪಕ್ಕದ ರಕ್ಷಣಾ ತಗಡು ಜೋಲಾಡುತ್ತಿರುವುದು ಕಂಡಿತು. ಅದನ್ನು ಹಿಡಿದಿಡಬೇಕಾಗಿದ್ದ ನಟ್ಟು ಯಂತ್ರದ ಅದುರಾಟಕ್ಕೆ ತಾನಾಗಿಯೇ ಸಡಿಲಗೊಂಡು, ಸ್ಪ್ಯಾನರಿನ ಹಂಗಿಲ್ಲದೆ, ಯಾವಾಗಲೋ ಮೊಣಕಾಲೆತ್ತರದ ಹುಲ್ಲಿನೊಳಗೆ ಉದುರಿಹೋಗಿತ್ತು. ಹುಲ್ಲು ಕತ್ತರಿಸದೆ ಅದು ಸಿಗುವಂತಿಲ್ಲ, ಅದು ಸಿಗದೆ ಹುಲ್ಲು ಕತ್ತರಿಸುವಂತಿಲ್ಲ. ಸಲಹೆಗಾರರಿಗೆ ತಲಾ ಒಂದೊಂದು ಆಯಸ್ಕಾಂತವನ್ನು ಹಂಚಿದೆ.