ಪರೀಕ್ಷೆಗೆ ಕೂರದ ಹಣ್ಣಿಗೆ ಫಸ್ಟ್ ರ‍್ಯಾಂಕ್

ಯಾವುದೋ ಎಲೆ, ಹಣ್ಣು ಲ್ಯಾಬಿನಲ್ಲಿ ಬ್ಲಡ್ ಕ್ಯಾನ್ಸರ್ ಕೋಶ ಸಾಯಿಸಿತು ಅಂತ ವಾಟ್ಸಾಪಿನಲ್ಲಿ ದಿನಾ ಒಂದು ಫಾರ್ವರ್ಡ್ ಬರುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ಲ್ಯುಕೇಮಿಯಾ, ಅಂದರೆ ಬ್ಲಡ್ ಕ್ಯಾನ್ಸರ್, ಕೋಶವನ್ನು ಸಾಯಿಸುವುದು ಅಂಥ ದೊಡ್ಡ ಸಾಹಸವೇನಲ್ಲ. ಉಪ್ಪು ಜಾಸ್ತಿಯಾದರೆ ಸಾಯುತ್ತದೆ. ಪಾತ್ರೆ ತೊಳೆಯುವ ಸೋಪು ಬಿದ್ದರೆ ಸಾಯುತ್ತದೆ. ಆದರೆ ಪಾಪ, ಸೋಪಿನ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅದಕ್ಕೆ ಎಲೆ, ಬೇರು, ಹಣ್ಣು ಅಂತ ಏನಾದರೂ ಇರಬೇಕು.

ಪ್ರಯೋಗ ನೋಡಿದರೆ ಚೆನ್ನೆಮಣೆ ಆಟದ ಹಾಗಿರುತ್ತದೆ. 96 ಪುಟಾಣಿ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಗುಳಿ ಗುಳಿಗೂ ಎಚ್‌ಎಲ್-60 ಎಂಬ ಲ್ಯುಕೇಮಿಯಾ ಕೋಶಗಳು. 1970ರ ದಶಕದಲ್ಲಿ ಒಬ್ಬ ಮಹಿಳೆಯ ರಕ್ತದಿಂದ ತೆಗೆದವು, ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ. ಮೇಲೆ ಗಿಡದ ಸಾರ ಹಾಕುತ್ತಾರೆ. ಎರಡು ಮೂರು ದಿನ ಬಿಟ್ಟು ಎಂಟಿಟಿ ಅನ್ನುವ ಹಳದಿ ಪುಡಿಯ ದ್ರಾವಣ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಕಮ್ಮಿಯಾದರೆ ಕೋಶ ಸತ್ತಿವೆ, ಇಲ್ಲವೇ ಬೆಳೆಯುವುದನ್ನು ನಿಲ್ಲಿಸಿವೆ. ತಾವಾಗಿಯೇ ಕಳಚಿಕೊಂಡು ಸತ್ತವೋ, ವಿಷಕ್ಕೆ ಒಡೆದು ಹೋದವೋ ಎಂದು ತಿಳಿಯಲು ಇನ್ನೊಂದು ಪರೀಕ್ಷೆ. ಒಳ್ಳೆಯ ಕೋಶಗಳೂ ಜೊತೆಗೇ ಸತ್ತವಾ ಎಂದು ನೋಡಲು ಮತ್ತೊಂದು. ಇಷ್ಟಾದ ಮೇಲೆ ಪ್ರಬಂಧದ ಕೊನೆಯಲ್ಲಿ ‘ಹೆಚ್ಚಿನ ಅಧ್ಯಯನ ಬೇಕು’ ಎಂದು ಬರೆಯುತ್ತಾರೆ. ಈ ಸಾಲನ್ನು ಫಾರ್ವರ್ಡ್ ಮಾಡಿದ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.

ಅಂದ ಹಾಗೆ, ಈ ಕೋಶಗಳಿಗೆ ಸಾಮಾನ್ಯವಾಗಿ ಊಟಕ್ಕೆ ಹಾಕುವುದು ಇನ್ನೂ ಹುಟ್ಟದ ಕರುವಿನ ರಕ್ತದ ಸೀರಮ್. ‘ಶುದ್ಧ ಸಸ್ಯಾಹಾರಿ ಚಿಕಿತ್ಸೆ’ ಎಂದು ಪೋಸ್ಟರ್ ಹಾಕುವವರಿಗೆ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ.

ಸದ್ಯ ರ‍್ಯಾಂಕ್ ಬಂದಿರುವುದು ಲಕ್ಷ್ಮಣ ಫಲಕ್ಕೆ. ಲಕ್ಷ್ಮಣ ಫಲ ರಾಮಬಾಣವಂತೆ. ಕೀಮೋಗಿಂತ 10,000 ಪಟ್ಟು ಪವರ್‌ಫುಲ್ಲಂತೆ. ಋಷಿಮುನಿಗಳಿಗೆ ಗೊತ್ತಿತ್ತಂತೆ. ಇದು ಅಮೆರಿಕ ಖಂಡದ ಹಣ್ಣು, ಸ್ವಾಮಿ. ಹದಿನಾಲ್ಕು ವರ್ಷ ಕಾಡು ಸುತ್ತಿದ ಲಕ್ಷ್ಮಣನೇ ಇದನ್ನು ಕಂಡಿರಲಿಲ್ಲ. ಇನ್ನು ಆ 10,000 ಬಂದದ್ದು 1996ರ ಒಂದು ಲ್ಯಾಬ್ ವರದಿಯಿಂದ. ತಟ್ಟೆಯಲ್ಲಿದ್ದದ್ದು ಕರುಳಿನ ಕ್ಯಾನ್ಸರ್ ಕೋಶ. ಹೋಲಿಸಿದ್ದು ಒಂದೇ ಒಂದು ಔಷಧಿಯ ಜೊತೆ. ಆ ಅಂಶ ತೆಗೆದದ್ದು ಹಣ್ಣು ತಿಂದು ನಾವು ಉಗಿಯುವ ಬೀಜದಿಂದ! ಬ್ಲಡ್ ಕ್ಯಾನ್ಸರ್ ರೋಗಿಗಳಲ್ಲಿ ಇದು ವಾಸಿ ಮಾಡಿದ್ದು ಎಲ್ಲೂ ಸಾಬೀತಾಗಿಲ್ಲ. ಆದರೇನಂತೆ, ತಳ್ಳುಗಾಡಿಯ ಮೇಲೆ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟೇ ನೇತಾಡುತ್ತಿದೆ.

ನಿಜವಾಗಿ ಪರೀಕ್ಷೆ ಬರೆದು ಪಾಸಾದ ಗಿಡದ ಗತಿ ಕೇಳಿ. ನಿತ್ಯಪುಷ್ಪ ಗೊತ್ತಲ್ವಾ? ಕಾಂಪೌಂಡಿನ ಬಿರುಕಿನಲ್ಲೂ ಹುಟ್ಟುವ ಹೂವು. ಜಮೈಕಾದಲ್ಲಿ ಇದರ ಎಲೆಯ ಚಹಾ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅನ್ನುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪ್ರಾಣಿಗಳ ಮೇಲೆ ನೋಡಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಅಲ್ಲಿಂದ ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಬಂತು, ಆಮೇಲೆ ಅದೇ ಗಿಡದಿಂದ ವಿಂಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ವಿಂಕ್ರಿಸ್ಟಿನ್ ಬಳಸಲು ಅನುಮತಿ ಸಿಕ್ಕಿತು. ಕೋಶ ಎರಡಾಗುವಾಗ ವರ್ಣತಂತುಗಳನ್ನು ಆ ಕಡೆ ಈ ಕಡೆ ಎಳೆಯಲು ಎಳೆಗಳು ಬೇಕು. ವಿಂಕ್ರಿಸ್ಟಿನ್ ಆ ಎಳೆ ಕಟ್ಟಲು ಬಿಡುವುದಿಲ್ಲ. ಕೋಶ ನಡುವೆ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಲ್ಯುಕೇಮಿಯಾ ಬಂದ ಮಕ್ಕಳು ಉಳಿಯುವುದೇ ಅಪರೂಪವಾಗಿದ್ದ ಕಾಲವಿತ್ತು. ಇವತ್ತು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾಗೆ ಸರಿಯಾದ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಬಹುಪಾಲು ವಾಸಿಯಾಗುತ್ತಾರೆ. ಆ ಔಷಧಿಗಳ ಗುಂಪಿನಲ್ಲಿ ವಿಂಕ್ರಿಸ್ಟಿನ್ ಖಾಯಂ ಸದಸ್ಯ.

ಬಹುಮಾನ ಏನು? ಬಾಟಲಿಗೆ ಇಳಿದ ದಿನದಿಂದ ಅದು ‘ಕೆಮಿಕಲ್’. ಗಿಡದ ಜಾತಿಯಿಂದಲೇ ಬಹಿಷ್ಕಾರ. ಡೋಸ್ ಅಳೆದದ್ದು, ಕೈಕಾಲು ಜೋಮು ಹಿಡಿಯುತ್ತದೆ ಎಂದು ಮೊದಲೇ ಹೇಳಿದ್ದು ದೊಡ್ಡ ಅಪರಾಧ. ಪರೀಕ್ಷೆಗೇ ಕೂರದ ಹಣ್ಣಿಗೆ ಅಡ್ಡ ಪರಿಣಾಮವೇ ಇಲ್ಲವಂತೆ. ಫಾರ್ವರ್ಡ್ ಮಾಡುವವರು ಹುಡುಕದಿದ್ದರೆ ಎಲ್ಲಿಂದ ಸಿಗಬೇಕು?

ಫ್ಯಾಮಿಲಿ ಗ್ರೂಪಿನಲ್ಲಿ ದಿನಾ ಕೀಮೋಗೆ ಬೈಯುವ ಮಾವ ಒಬ್ಬರಿದ್ದಾರೆ. ಅವರಿಗೆ ಬರೆದೆ: “ಮಾವ, ನಿಮ್ಮ ಗೇಟಿನ ಪಕ್ಕದ ಹೂವಿನ ಗಿಡದಿಂದಲೇ ಆ ಕೀಮೋದ ಒಂದು ಔಷಧಿ ಬರೋದು. ಒಂದು ಗ್ರಾಂ ತೆಗೆಯೋಕೆ ರಾಶಿ ರಾಶಿ ಒಣ ಎಲೆ ಬೇಕು. ಎಲೆ ಹಾಗೇ ತಿಂದ್ರೆ ವಿಷ.”

ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ ಫೋಟೊ ಬಂತು. ಮುಂದೆ ನಿತ್ಯಪುಷ್ಪ, ಹಿಂದೆ ಮಾವನ ಸ್ಕೂಟರು. ಕೆಳಗೆ: “ಬ್ಲಡ್ ಕ್ಯಾನ್ಸರ್‌ಗೆ ಅಂಗಳದಲ್ಲೇ ಮದ್ದು! ದಿನಾ ಐದು ಎಲೆ, ಖಾಲಿ ಹೊಟ್ಟೆಗೆ. ಅಡ್ಡ ಪರಿಣಾಮ ಇಲ್ಲ. ಡಾಕ್ಟರುಗಳು ಇದನ್ನು ಮುಚ್ಚಿಟ್ಟಿದ್ದಾರೆ.”