ಲಾಗಿನ್ ಆಗ್ತಿಲ್ಲ ಅಂತ ಹೇಳೋಕೂ ಲಾಗಿನ್ ಆಗಬೇಕಾ?

ಯೂನಿವರ್ಸಿಟಿ ಹೆಲ್ಪ್‌ಡೆಸ್ಕ್‌ಗಳ ಈ ಒಂದು ವಿಚಾರ ನೋಡಿ ನೋಡಿ ಹೊಟ್ಟೆ ಉರಿದುಹೋಗಿದೆ. "ಲಾಗಿನ್ ತೊಂದರೆ ಇದ್ದರೆ ಇಲ್ಲಿ ಟಿಕೆಟ್ ಹಾಕಿ" ಅಂತ ಬರೆದಿರ್ತಾರೆ. ಟಿಕೆಟ್ ಅಂದ್ರೆ ನಂಬರ್ ಹಾಕಿದ ದೂರು. ಒತ್ತಿದ್ರೆ ತೆರೆಯೋದು ಅದೇ ಲಾಗಿನ್ ಪೇಜು. ಹೇಗೋ ಇನ್ನೊಬ್ಬರ ಕೈಲಿ ಟಿಕೆಟ್ ಹಾಕಿಸಿದ್ರು ಅಂತಿಟ್ಟುಕೊಳ್ಳಿ, ಉತ್ತರ ಹೋಗೋದು ಯೂನಿವರ್ಸಿಟಿ ಮೇಲ್‌ಗೆ. ಆ ಮೇಲ್ ಇರೋದೂ ಅದೇ ಪಾಸ್‌ವರ್ಡ್‌ನ ಹಿಂದೆ. ಮೂರು ದಿನ ಉತ್ತರ ಬರಲಿಲ್ಲ ಅಂತ ಸಿಸ್ಟಮ್ಮು ತಾನೇ "ಪರಿಹರಿಸಲಾಗಿದೆ" ಅಂತ ಮುದ್ರೆ ಒತ್ತಿ ಮುಚ್ಚಿಬಿಡುತ್ತೆ. ಏನು ಪರಿಹಾರ ಆಯ್ತು? ಆ ವಿದ್ಯಾರ್ಥಿಗೆ ಅಸೈನ್‌ಮೆಂಟ್ ಪೇಜು ಇನ್ನೂ ತೆರೆದಿಲ್ಲ!

ಲಾಗಿನ್ ಬೇಡದ ಒಂದು ಫಾರಂ, ಮನುಷ್ಯರು ಎತ್ತೋ ಒಂದು ಫೋನ್ ನಂಬರ್, ಅಡ್ಮಿಶನ್ ದಿನವೇ ಬರೆಸಿಕೊಂಡ ಒಂದು ಸ್ವಂತ ಮೇಲ್ ವಿಳಾಸ. ಇಷ್ಟು ಸಾಕು. ಇದಕ್ಕೆ ಹೊಸ ಸಾಫ್ಟ್‌ವೇರೂ ಬೇಡ, ಕಮಿಟಿಯೂ ಬೇಡ.

ಇನ್ನು ಪಾಸ್‌ವರ್ಡ್ ಜೊತೆಗೆ ಕೇಳೋ ಕೋಡನ್ನ ಫೋನಿನಲ್ಲಿ ತೋರಿಸೋ ಆಥೆಂಟಿಕೇಟರ್ ಆ್ಯಪ್ ಗೋಳು. ಫೋನ್ ಕಳೆದುಹೋಗಿದೆ, ಅದೇ ನಂಬರಿನ ಸಿಮ್ ಹಾಕಿ ಹೊಸ ಫೋನ್ ತಗೊಂಡಿದ್ದೀನಿ, ಕೋಡ್ ಬರ್ತಿಲ್ಲ ಅಂತ ವಿದ್ಯಾರ್ಥಿ ಬರೀತಾರೆ. "ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ" ಅಂತ ಉತ್ತರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ! ಮೊದಲ ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀಲಿ ಆ ಫೋನಿನೊಳಗೆ ಕೂತಿರುತ್ತೆ. ಆ ಕೀಲಿ ಮತ್ತು ಆ ಕ್ಷಣದ ಗಡಿಯಾರ, ಎರಡನ್ನೂ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಕೋಡ್ ಹುಟ್ಟುತ್ತೆ. ಸಿಮ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಬ್ಯಾಕಪ್ ಇಟ್ಟಿರದಿದ್ರೆ ಹೊಸ ಫೋನಿನಲ್ಲಿ ಆ ಕೀಲಿ ಇರೋದಿಲ್ಲ, ಆ್ಯಪ್ ಹತ್ತು ಸಲ ಹಾಕಿ ತೆಗೆದರೂ ಬರೋದಿಲ್ಲ. ಹಳೇ ಫೋನಿನ ನೋಂದಣಿಯನ್ನ ಅಡ್ಮಿನ್ ಕಡೆಯಿಂದಲೇ ತೆಗೀಬೇಕು. ಗುರುತಿನ ಚೀಟಿ ನೋಡಿ ಖಾತ್ರಿ ಮಾಡಿಕೊಂಡರೆ ಐದು ನಿಮಿಷದ ಕೆಲಸ, ಅದಕ್ಕೆ ಐದು ದಿನ ಕಾಯಿಸ್ತಾರೆ. ಆ್ಯಪ್ ಇದ್ದೂ ಕೋಡ್ ತಪ್ಪು ಅಂತ ಬರ್ತಿದ್ರೆ ಮೊದಲು ನೋಡಬೇಕಾದ್ದು ಫೋನಿನ ಗಡಿಯಾರ. ಕೆಲವೇ ನಿಮಿಷ ಹಿಂದೆ ಮುಂದೆ ಆಗಿದ್ರೂ ಕೋಡ್ ಕೂಡೋದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ಸಮಯ ತಾನಾಗಿ ಹೊಂದಿಕೊಳ್ಳೋ ಹಾಗೆ ಮಾಡಿದ್ರೆ ಸರಿಹೋಗುತ್ತೆ. ಇದನ್ನ ಹೆಲ್ಪ್‌ಡೆಸ್ಕ್ ಪೇಜಿನ ಮೇಲೇ ಎರಡು ಸಾಲಲ್ಲಿ ಬರೆದು ಹಾಕೋಕೆ ಏನು ಧಾಡಿ? ಆ್ಯಪ್ ಕೈಕೊಟ್ಟಾಗ ಬಳಸೋ ಬ್ಯಾಕಪ್ ಕೋಡ್‌ಗಳನ್ನ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಅಂತ ಮೊದಲ ದಿನವೇ ಹೇಳೋರೂ ಇಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. "ಪೋರ್ಟಲ್ ಓಪನ್ ಆಗ್ತಿಲ್ಲ, ಅರ್ಜೆಂಟ್" ಅಂತ ಒಂದೇ ಸಾಲು ಬರೆದ್ರೆ "ಹೆಚ್ಚಿನ ಮಾಹಿತಿ ಬೇಕು" ಅಂತ ವಾಪಸ್ ಬರುತ್ತೆ, ಅಲ್ಲಿಗೆ ಒಂದು ದಿನ ಹೋಯ್ತು. ಯಾವ ಪೇಜು, ಎಷ್ಟು ಗಂಟೆಗೆ, ಯಾವ ಬ್ರೌಸರ್, ತೆರೆ ಮೇಲೆ ಬಂದ ಎರರ್ ಅಕ್ಷರಕ್ಕಕ್ಷರ, ಬೇರೆ ಬ್ರೌಸರ್‌ನಲ್ಲೂ ಹಾಗೇನಾ, ಡೆಡ್‌ಲೈನ್ ಯಾವಾಗ, ಇವಿಷ್ಟನ್ನ ಬರೀರಿ. ಗಡಿಯಾರ ಕಾಣೋ ಹಾಗೆ ಇಡೀ ತೆರೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ನಾಳೆ "ನೀವು ಲೇಟಾಗಿ ಪ್ರಯತ್ನಿಸಿದ್ರಿ" ಅಂತ ಯಾರಾದ್ರೂ ಅಂದ್ರೆ ಅದೇ ನಿಮ್ಮ ಸಾಕ್ಷಿ. ಮುಚ್ಚಿದ ಟಿಕೆಟ್‌ಗೆ ಉತ್ತರಿಸಿದ್ರೆ ಎಷ್ಟೋ ಕಡೆ ಹೊಸ ನಂಬರ್ ಆಗಿ ಸಾಲಿನ ಕೊನೆಗೆ ಹೋಗುತ್ತೆ, ಹಾಗಾಗಿ ಹಳೇ ನಂಬರನ್ನ ಮೊದಲ ಸಾಲಲ್ಲೇ ಹಾಕಿ.

ಈಗ ನಿಜವಾಗಿ ರಕ್ತ ಕುದಿಸೋ ವಿಷಯಕ್ಕೆ ಬರೋಣ. ಅಂಗವೈಕಲ್ಯ ಇರೋ ವಿದ್ಯಾರ್ಥಿಗೆ, ಓದೋ ಬರೆಯೋ ವೇಗದ ತೊಂದರೆ ಇರೋ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮಂಜೂರಾಗಿರುತ್ತೆ. ಪತ್ರ ಇದೆ, ಸಹಿ ಇದೆ, ಸೀಲು ಇದೆ. ಆದರೂ ಆನ್‌ಲೈನ್ ಪರೀಕ್ಷೆ ನಡುವೆ ತಟಕ್ಕನೆ ಮುಚ್ಚಿಕೊಳ್ಳುತ್ತೆ. ಯಾಕೆ ಗೊತ್ತಾ? ಮೂಡಲ್‌ನಂಥ ಆನ್‌ಲೈನ್ ಪಾಠ-ಪರೀಕ್ಷೆ ವ್ಯವಸ್ಥೆಯಲ್ಲಿ ಪ್ರತಿ ಕ್ವಿಜ್‌ಗೂ ಆ ವಿದ್ಯಾರ್ಥಿಯ ಹೆಸರಲ್ಲೋ ಗುಂಪಿನ ಹೆಸರಲ್ಲೋ ಬೇರೆಯಾಗಿ ಓವರ್‌ರೈಡ್, ಅಂದ್ರೆ ಎಲ್ಲರಿಗಿರೋ ಮಿತಿಯಿಂದ ವಿನಾಯಿತಿ, ಹಾಕಬೇಕು. ಅದರಲ್ಲಿ ಇಲ್ಲಿ ಮುಖ್ಯವಾದ ಎರಡು ಖಾನೆ: ಕಾಲಮಿತಿ ಒಂದು, ಕ್ವಿಜ್ ಮುಚ್ಚೋ ಸಮಯ ಇನ್ನೊಂದು. ಪರೀಕ್ಷೆ 10 ಗಂಟೆಯಿಂದ 11ರವರೆಗೆ, 60 ನಿಮಿಷ ಅಂತಿಟ್ಟುಕೊಳ್ಳಿ. ಶೇಕಡಾ 25 ಹೆಚ್ಚುವರಿ ಅಂದ್ರೆ 75 ನಿಮಿಷ. ಮೇಷ್ಟ್ರು ಕಾಲಮಿತಿ ಖಾನೆಯಲ್ಲಿ 75 ತುಂಬಿ, ಮುಚ್ಚೋ ಸಮಯವನ್ನ 11ಕ್ಕೇ ಬಿಟ್ಟಿರ್ತಾರೆ. 11 ಹೊಡೆದ ಕೂಡಲೇ ಬಾಗಿಲು ಬಂದ್, ಆ 15 ನಿಮಿಷ ಗಾಳಿಗೆ ಹೋಯ್ತು. ಮುಚ್ಚೋ ಸಮಯ 11:15 ಅಂತ ಬದಲಿಸಿದ್ರೆ ಮಾತ್ರ ಆ ಪತ್ರಕ್ಕೆ ಬೆಲೆ. ಸಮಯ ಮುಗಿದ ಮೇಲೆ ಏನಾಗಬೇಕು ಅನ್ನೋ ಇನ್ನೊಂದು ಸೆಟ್ಟಿಂಗ್ ಇದೆ. "ಅಷ್ಟರೊಳಗೆ ಸಲ್ಲಿಸದಿದ್ದರೆ ಲೆಕ್ಕಕ್ಕಿಲ್ಲ" ಅನ್ನೋದನ್ನ ಆರಿಸಿಟ್ಟಿದ್ರಂತೂ ಬರೆದ ಉತ್ತರಗಳಿಗೆ ಅಂಕವೇ ಸಿಗೋದಿಲ್ಲ.

ಹತ್ತು ಕ್ವಿಜ್ ಇದ್ರೆ ಹತ್ತು ಸಲ ಹಾಕಬೇಕು. ಒಂದಕ್ಕೆ ಹಾಕಿ ಒಂಬತ್ತಕ್ಕೆ ಮರೀತಾರೆ. ಪ್ರತಿ ಸಲವೂ ಆ ವಿದ್ಯಾರ್ಥಿಯೇ ಹೋಗಿ, ಎಲ್ಲರೆದುರು ಬಾಯಿಬಿಟ್ಟು, "ನಂಗೆ ಎಕ್ಸ್‌ಟ್ರಾ ಟೈಮ್ ಇದೆ" ಅಂತ ಬೇಡಿಕೊಳ್ಳಬೇಕು. ಮಂಜೂರಾದ ಹಕ್ಕನ್ನ ಹತ್ತು ಸಲ ಬೇಡೋದು ಯಾವ ನ್ಯಾಯ? ಪಟ್ಟಿಯನ್ನ ಸಹಾಯ ವಿಭಾಗದವರೇ ಇಟ್ಟುಕೊಂಡು, ಪರೀಕ್ಷೆಗೆ ಎರಡು ದಿನ ಮುಂಚೆ ಪ್ರತಿ ಕ್ವಿಜ್ ತೆಗೆದು ನೋಡಬೇಕು. ವಿದ್ಯಾರ್ಥಿಗಳೇ, ಅವರು ಮಾಡೋವರೆಗೆ ನೀವು ಒಂದು ಕೆಲಸ ಮಾಡಿ: ಹಿಂದಿನ ದಿನ ಕ್ವಿಜ್‌ನ ಮೊದಲ ಪುಟ ತೆರೆದು ನೋಡಿ. ನಿಮ್ಮ ಲಾಗಿನ್‌ನಲ್ಲಿ ನಿಮ್ಮದೇ ಕಾಲಮಿತಿ, ನಿಮ್ಮದೇ ಮುಚ್ಚೋ ಸಮಯ ಕಾಣುತ್ತೆ. ಎರಡರಲ್ಲಿ ಒಂದು ತಪ್ಪಿದ್ರೂ ಅವತ್ತೇ ಬರೆದು ತಿಳಿಸಿ.

ಓದೋ ಸಾಮಗ್ರಿಯ ಕಥೆಯೂ ಅಷ್ಟೆ. ಪುಸ್ತಕದ ಪುಟಗಳನ್ನ ವಾರೆಯಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿಬಿಡ್ತಾರೆ. ತೆರೆ ಮೇಲಿನ ಅಕ್ಷರಗಳನ್ನ ಓದಿ ಹೇಳೋ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ, ಒಂದಕ್ಷರವೂ ಕೇಳಿಸೋದಿಲ್ಲ. ಮೌಸ್‌ನಲ್ಲಿ ಒಂದು ಪದ ಆಯ್ಕೆ ಮಾಡೋಕೆ ಬರುತ್ತಾ ನೋಡಿ. ಬರಲಿಲ್ಲ ಅಂದ್ರೆ ಓಸಿಆರ್, ಅಂದ್ರೆ ಚಿತ್ರದಲ್ಲಿರೋ ಅಕ್ಷರಗಳನ್ನ ಪಠ್ಯವಾಗಿ ಬದಲಿಸೋ ಕೆಲಸ, ಆಗಿಲ್ಲ ಅಂತ ಲೆಕ್ಕ. ಅಪ್‌ಲೋಡ್ ಮಾಡೋರು ಹತ್ತು ಸೆಕೆಂಡಿನ ಈ ಪರೀಕ್ಷೆ ಮಾಡಿದ್ರೆ, ಕಣ್ಣು ಕಾಣದ ವಿದ್ಯಾರ್ಥಿ ಇಡೀ ವಾರ ಕಾಯೋದು ತಪ್ಪುತ್ತೆ.

ಬರವಣಿಗೆ ಸಹಾಯ ಕೇಂದ್ರಗಳ ಬಗ್ಗೆ ಒಂದೇ ದೂರು. ಬರಹ ಬೇರೆ ಬರಹಗಳ ಜೊತೆ ಎಷ್ಟು ಹೊಂದುತ್ತೆ ಅಂತ ಸಾಫ್ಟ್‌ವೇರ್ ಕೊಡೋ ಸಿಮಿಲಾರಿಟಿ ರಿಪೋರ್ಟ್‌ನ ಶೇಕಡಾವಾರು ನೋಡಿ "ಕಾಪಿ ಜಾಸ್ತಿ ಆಯ್ತು, ಕಡಿಮೆ ಮಾಡ್ಕೊಂಡು ಬಾ" ಅಂತ ಕಳಿಸಬೇಡಿ. ಆ ಸಂಖ್ಯೆ ಹೇಳೋದು ಪಠ್ಯ ಎಲ್ಲೆಲ್ಲಿ ಹೊಂದುತ್ತೆ ಅಂತ ಮಾತ್ರ, ಕದ್ದಿದ್ದು ಅಂತ ಅಲ್ಲ. ಉದ್ಧರಣೆ ಚಿಹ್ನೆಯೊಳಗಿನ ಸಾಲು, ಪರಾಮರ್ಶನ ಪಟ್ಟಿ ಎಲ್ಲವೂ ಅದರಲ್ಲಿ ಸೇರಿರಬಹುದು. ಅವನ್ನ ಬಿಟ್ಟು ಲೆಕ್ಕ ಹಾಕೋ ಫಿಲ್ಟರ್ ಇರುತ್ತೆ, ಹಚ್ಚಿ ನೋಡಿ. ಆಮೇಲೆ ವಿದ್ಯಾರ್ಥಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು ಹೊಂದಿದ ಒಂದೊಂದು ಭಾಗವನ್ನೂ ಓದಿ.

ಕೊನೆಯದು ಕೌನ್ಸೆಲಿಂಗ್. ಇಲ್ಲಿ ಆಗೋ ತಪ್ಪಿಗೆ ಕ್ಷಮೆ ಇಲ್ಲ.

ಅಪಾಯಿಂಟ್‌ಮೆಂಟ್ ಕೇಳಿದವರಿಗೆ ಮೊದಲು ಒಂದು ಫಾರಂ ತುಂಬಿಸ್ತಾರೆ. ಬಹಳ ಕಡೆ ಅದು ಪಿಎಚ್‌ಕ್ಯೂ-9. ಖಿನ್ನತೆ ಎಷ್ಟಿದೆ ಅಂತ ಅಳೆಯೋಕೆ 2001ರಲ್ಲಿ ಪ್ರಕಟವಾದ ಒಳ್ಳೇ ಪ್ರಶ್ನಾವಳಿ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆ, ತನಗೆ ತಾನೇ ಹಾನಿ ಮಾಡಿಕೊಳ್ಳೋ ಯೋಚನೆ ಬಗ್ಗೆ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಆ ಒಂದರಲ್ಲಿ 0 ಬಿಟ್ಟು ಬೇರೇನೇ ಬಂದ್ರೂ ಅವತ್ತೇ ಒಬ್ಬ ಮನುಷ್ಯ ಫೋನ್ ಮಾಡಿ ಮಾತಾಡಲೇಬೇಕು. ಶುಕ್ರವಾರ ರಾತ್ರಿ ತುಂಬಿದ ಫಾರಂ ಸೋಮವಾರ ಬೆಳಗ್ಗೆ ಆಫೀಸ್ ತೆರೆಯೋವರೆಗೆ ಓದೋರಿಲ್ಲದೆ ಬಿದ್ದಿರುತ್ತೆ ಅಂದ್ರೆ ಆ ಪ್ರಶ್ನೆಯನ್ನ ಯಾಕೆ ಕೇಳ್ತೀರಿ? ಕೇಳಿದ ಮೇಲೆ ಉತ್ತರಕ್ಕೆ ನೀವೇ ಹೊಣೆ. ರಾತ್ರಿ ನೋಡೋಕೆ ಜನ ಇಲ್ಲದಿದ್ರೆ ಫಾರಂನ ಮೊದಲ ಸಾಲಲ್ಲೇ, ದಪ್ಪ ಅಕ್ಷರದಲ್ಲಿ, "ಇದನ್ನ ತಕ್ಷಣ ಯಾರೂ ನೋಡೋದಿಲ್ಲ, ಈಗಲೇ ಸಹಾಯ ಬೇಕಿದ್ರೆ ಈ ನಂಬರಿಗೆ ಫೋನ್ ಮಾಡಿ" ಅಂತ ಬರೆದು, ಹಗಲಿರುಳು ಎತ್ತೋ ನಂಬರ್ ಕೊಡಿ. ಆ ನಂಬರನ್ನ ತಿಂಗಳಿಗೊಮ್ಮೆ ಸ್ವತಃ ಹೊಡೆದು ನೋಡಿ.

ಅದೇ ಪ್ರಶ್ನಾವಳಿ ನಿದ್ದೆ ಕೆಟ್ಟಿದೆಯಾ, ಸುಸ್ತಾಗುತ್ತಾ, ಗಮನ ನಿಲ್ಲುತ್ತಿಲ್ಲವಾ ಅಂತಲೂ ಕೇಳುತ್ತೆ. ಹೌದು ಅಂತ ಬರೆದುಕೊಟ್ಟವರು ಬೆಳಗ್ಗೆ 9ರ ಅಪಾಯಿಂಟ್‌ಮೆಂಟ್ ತಪ್ಪಿಸಿಕೊಂಡ್ರೆ "ಬರಲಿಲ್ಲ" ಅಂತ ಬರೆದು ಪಟ್ಟಿಯಿಂದ ಹೆಸರು ಹೊಡೆದು ಹಾಕ್ತಾರೆ! ಜ್ವರ ಅಂತ ಬಂದವರನ್ನ ಮೈ ಬಿಸಿ ಇದೆ ಅಂತ ಆಚೆ ಕಳಿಸ್ತೀರಾ? ಒಂದು ಮೆಸೇಜ್, ಒಂದು ಫೋನ್, ಮಧ್ಯಾಹ್ನದ ಇನ್ನೊಂದು ಸಮಯ, ಇಷ್ಟು ಮಾಡದೆ ಹೆಸರು ತೆಗೀಬೇಡಿ. ಪರೀಕ್ಷೆ ವಾರ ಯಾವುದು ಅಂತ ಟೈಮ್‌ಟೇಬಲ್‌ನಲ್ಲಿ ತಿಂಗಳುಗಟ್ಟಲೆ ಮುಂಚೆ ಗೊತ್ತಿರುತ್ತೆ. ಆ ವಾರ ಜನ ಜಾಸ್ತಿ ಬರ್ತಾರೆ ಅನ್ನೋದೂ ಪ್ರತಿ ವರ್ಷ ಗೊತ್ತಿರೋದೇ. ಆದರೂ ಸಿಗೋ ದಿನಾಂಕ ಪರೀಕ್ಷೆ ಮುಗಿದ ಮೇಲಿನದು.

ಇಷ್ಟೆಲ್ಲ ದಾಟಿ ಬಂದವರಿಗೆ ಅಸೈನ್‌ಮೆಂಟ್ ಗಡುವು ವಿಸ್ತರಿಸೋಕೆ ಮತ್ತೆ ಮೊದಲಿಂದ ಹೇಳಿಸ್ತಾರೆ. ವಿಭಾಗದ ಆಫೀಸಿನ ಕಿಟಕಿ ಮುಂದೆ ನಿಂತು, ಹಿಂದೆ ಸಾಲಲ್ಲಿ ಹತ್ತು ಜನ ಕೇಳಿಸಿಕೊಳ್ತಿರುವಾಗ, "ಏನು ಕಾಯಿಲೆ?" ಗೋಪ್ಯತೆ ಇದೆ, ನಾವು ಮಾಹಿತಿ ಕೊಡೋಕಾಗಲ್ಲ ಅಂತ ಕೌನ್ಸೆಲಿಂಗ್‌ನವರು ಕೈ ತೊಳ್ಕೊಳ್ತಾರೆ. ಗೋಪ್ಯತೆ ಮುರೀದೇ ಕೊಡಬಹುದಾದ ಪತ್ರ ಮೂರೇ ಸಾಲು: ಈ ವಿದ್ಯಾರ್ಥಿ ನಮ್ಮ ವಿಭಾಗದ ಸಂಪರ್ಕದಲ್ಲಿದ್ದಾರೆ, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಓದಿಗೆ ಅಡ್ಡಿಯಾಗಿದೆ, ಇಷ್ಟು ದಿನದ ವಿಸ್ತರಣೆ ಸೂಕ್ತ. ಕಾಯಿಲೆ ಹೆಸರು ಬೇಡ, ಔಷಧಿ ಹೆಸರು ಬೇಡ, ಮನೆ ವಿಷಯ ಬೇಡ. ವಿದ್ಯಾರ್ಥಿಯ ಒಪ್ಪಿಗೆ ಬರೆಸಿಕೊಂಡು ಆ ಪತ್ರವನ್ನ ಕೌನ್ಸೆಲಿಂಗ್‌ನವರೇ ನೇರವಾಗಿ ವಿಭಾಗಕ್ಕೆ ಕಳಿಸಲಿ. ವಿಭಾಗದವರು ಅದನ್ನ ನೋಡಿ ಪೋರ್ಟಲ್‌ನಲ್ಲಿ ದಿನಾಂಕ ಬದಲಿಸಿ, ಬದಲಿಸಿದ್ದೀವಿ ಅಂತ ವಿದ್ಯಾರ್ಥಿಗೆ ಒಂದು ಮೆಸೇಜ್ ಹಾಕಲಿ.