ಒಂದೇ ಲಾಯದ ಇಬ್ಬರು

ಭಾನುವಾರ ಬೆಳಿಗ್ಗೆ ಪೇಪರ್ ತರೋಣ ಅಂತ ಹೊರಟವನನ್ನು ಒಬ್ಬ ಮಾರ್ಷಲ್ ತಡೆದ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗ. ಕಿತ್ತಳೆ ಬಣ್ಣದ ಜಾಕೆಟ್ಟು, ಬೆನ್ನ ತುಂಬ ಮಾರ್ಷಲ್ ಅನ್ನೋ ಅಚ್ಚು, ಕೊರಳಲ್ಲಿ ಸೀಟಿ. ರಸ್ತೆಯಲ್ಲಿ ಮ್ಯಾರಥಾನ್ ಅಂತೆ. "ಅಂಕಲ್, ಹಗ್ಗದ ಹಿಂದೆ ನಿಲ್ಲಿ" ಅಂದ. ಓಡುವವರು ಒಬ್ಬರೂ ಕಾಣುತ್ತಿರಲಿಲ್ಲ. "ಹತ್ತು ಹೆಜ್ಜೆ ಕಣಪ್ಪ, ದಾಟಿಬಿಡ್ತೀನಿ" ಅಂದೆ. ಅವನು ಬಾಯಿ ಬಿಡಲಿಲ್ಲ. ಸೀಟಿ ಊದಿದ. ಒಂದಡಿ ದೂರದಲ್ಲಿ ನಿಂತಿರುವ ಮನುಷ್ಯನ ಮುಖಕ್ಕೇ! ಅಂಕಲ್ ಅಂದಿದ್ದನ್ನಾದರೂ ಕ್ಷಮಿಸಬಹುದು, ವಯಸ್ಸು ಅಷ್ಟಾಗಿದೆ. ಸೀಟಿಯನ್ನು ಮಾತ್ರ ನಾನು ಮರೆಯುವುದಿಲ್ಲ.

ಪಕ್ಕದಲ್ಲೇ ಒಬ್ಬರು ಕಾನ್‌ಸ್ಟೇಬಲ್ ಇದ್ದರು. ಐವತ್ತು ದಾಟಿರಬೇಕು. ಟೋಪಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಕರ್ಚೀಫಿನಲ್ಲಿ ನೆತ್ತಿ ಒರೆಸಿಕೊಳ್ಳುತ್ತಿದ್ದರು. ಹುಡುಗ ಅವರ ಕಡೆ ತಿರುಗಿ, "ಸರ್, ಆ ಬೈಕ್ ನಿಮ್ದಾ? ಸ್ವಲ್ಪ ಆಚೆ ಹಾಕಿ" ಅಂದ. ಅವರು ಮರುಮಾತಾಡದೆ ಹೋಗಿ ಹಾಕಿ ಬಂದರು.

ನನಗೆ ಉರಿದಿದ್ದು ಅಲ್ಲಿ. ಯಾಕಂದರೆ ಹಿಂದೆ ಇದು ಪೂರ್ತಿ ಉಲ್ಟಾ ಇತ್ತು. ಈ ಎರಡು ಪದಗಳೂ ಹುಟ್ಟಿದ್ದು ಕುದುರೆ ಲಾಯದಲ್ಲಿ. ಕಾನ್‌ಸ್ಟೇಬಲ್ ಅಂದರೆ ಲ್ಯಾಟಿನ್ನಿನಲ್ಲಿ ಲಾಯದ ಸರದಾರ. ಮಾರ್ಷಲ್ ಅಂದರೆ ಹಳೆಯ ಜರ್ಮನ್ ನುಡಿಗಳಲ್ಲಿ ಕುದುರೆಯ ಆಳು, ಅಷ್ಟೇ. ಫ್ರೆಂಚರು ಲಾಳ ಕಟ್ಟುವವನನ್ನು ಇವತ್ತಿಗೂ ಮರೇಶಾಲ್ ಫೆರಾಂ ಅಂತಲೇ ಕರೆಯುತ್ತಾರೆ. ಆಳು ಯಾರು, ಯಜಮಾನ ಯಾರು ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಫ್ರಾನ್ಸಿನಲ್ಲಿ ಕಾನ್‌ಸ್ಟೇಬಲ್ ಅಂದರೆ ರಾಜನ ನಂತರ ಇಡೀ ಸೈನ್ಯಕ್ಕೆ ದೊಡ್ಡವನು, ಮಾರ್ಷಲ್‌ಗಳೆಲ್ಲ ಅವನ ಕೈಕೆಳಗೆ. ಅಷ್ಟು ದೊಡ್ಡವನಾಗಿದ್ದೇ ತಪ್ಪಾಯಿತು ಅಂತ ಕಾಣುತ್ತೆ, 1627ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು. ಕೆಳಗಿದ್ದ ಆಳು ಸುಮ್ನೆ ಮೇಲೆ ಬಂದು ಕೂತ. 1804ರಲ್ಲಿ ನೆಪೋಲಿಯನ್ ಒಂದೇ ಏಟಿಗೆ 18 ಜನರನ್ನು ಮಾರ್ಷಲ್ ಮಾಡಿದ. ಅವರಲ್ಲೊಬ್ಬ ಮ್ಯೂರಾ, ಛತ್ರ ನಡೆಸುವವನ ಮಗ. ನಮ್ಮಲ್ಲಂತೂ ಸ್ವಾತಂತ್ರ್ಯ ಬಂದಮೇಲೆ ಫೀಲ್ಡ್ ಮಾರ್ಷಲ್ ಆದವರು ಇಬ್ಬರೇ, 1973ರಲ್ಲಿ ಮಾಣೆಕ್ ಷಾ, 1986ರಲ್ಲಿ ಕಾರ್ಯಪ್ಪ. ಮೂರನೆಯವನು ನನ್ನೆದುರಿಗೆ ಸೀಟಿ ಕಚ್ಚಿಕೊಂಡು ನಿಂತಿದ್ದ.

ಕಾನ್‌ಸ್ಟೇಬಲ್ ಕತೆ ಕನ್ನಡದಲ್ಲಿ ಇನ್ನೂ ಕೆಟ್ಟಿದೆ. ನಾವು ಅವನನ್ನು ಪೇದೆ ಅಂದೆವು. ಅದು ಫಾರ್ಸಿ ಭಾಷೆಯ ಪ್ಯಾದಾ, ಕಾಲ್ನಡಿಗೆಯವನು. ಲಾಯದ ಯಜಮಾನನನ್ನು ಕುದುರೆಯಿಂದ ಇಳಿಸಿ ನಡೆಸಿಬಿಟ್ಟೆವು.

ನ್ಯಾಯ ಒಂದು ಸಲ ಆಗಿದೆ, ಇಂಗ್ಲೆಂಡಿನಲ್ಲಿ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳಿ ಮನೆಯವರಿಂದ ಬೈಸಿಕೊಂಡಿದ್ದೇನೆ. ಅಲ್ಲಿ ಅರ್ಲ್ ಮಾರ್ಷಲ್ ಅಂತ ಒಂದು ಹುದ್ದೆ ಇದೆ, 1672ರಿಂದ ನಾರ್ಫೋಕ್ ಡ್ಯೂಕ್ ಆದವರಿಗೆ ವಂಶಪಾರಂಪರ್ಯವಾಗಿ ಬರುತ್ತದೆ. ಪಟ್ಟಾಭಿಷೇಕ, ರಾಜರ ಅಂತ್ಯಸಂಸ್ಕಾರ, ಎಲ್ಲಕ್ಕೂ ಇವರದೇ ಉಸ್ತುವಾರಿ. ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳುವ ಕೆಲಸ. ನಮ್ಮ ಹುಡುಗನದೂ ಅದೇ ತಾನೆ? 2022ರ ಏಪ್ರಿಲ್‌ನಲ್ಲಿ ಈ ಅರ್ಲ್ ಮಾರ್ಷಲ್ ಲಂಡನ್ನಿನಲ್ಲಿ ಕಾರು ಓಡಿಸುತ್ತಾ ಕೈಯಲ್ಲಿ ಫೋನ್ ಹಿಡಿದು ಕೆಂಪು ದೀಪ ದಾಟಿದರು, ಪೊಲೀಸರಿಗೆ ಸಿಕ್ಕಿಬಿದ್ದರು. ಸೆಪ್ಟೆಂಬರ್‌ನಲ್ಲಿ ರಾಣಿಯ ಅಂತ್ಯಸಂಸ್ಕಾರವನ್ನು ಚೊಕ್ಕವಾಗಿ ನಡೆಸಿಕೊಟ್ಟು, ವಾರ ಕಳೆಯುವಷ್ಟರಲ್ಲಿ ಕೋರ್ಟಿನಲ್ಲಿ ಕೈಕಟ್ಟಿ ನಿಂತರು. ರಾಜನ ಪಟ್ಟಾಭಿಷೇಕದ ಕೆಲಸ ಇದೆ, ಓಡಾಡಲು ಲೈಸೆನ್ಸ್ ಬೇಕೇಬೇಕು ಅಂತ ಕೇಳಿಕೊಂಡರೂ ಕೋರ್ಟು ಒಪ್ಪಲಿಲ್ಲ. ಆರು ತಿಂಗಳು ಸ್ಟೇರಿಂಗ್ ಮುಟ್ಟಬಾರದು ಅಂದಿತು. ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಬೇರೆ. ಅಲ್ಲಿನ ಕಾನೂನಿನ ಪ್ರಕಾರ ಪೊಲೀಸ್ ಅಧಿಕಾರಿ ಎಷ್ಟೇ ದೊಡ್ಡವನಾಗಿರಲಿ, ಅವನ ಮೂಲ ಪದವಿ ಕಾನ್‌ಸ್ಟೇಬಲ್. ಅಂದರೆ ಆ ದಿನ ಕಾರು ನಿಲ್ಲಿಸಿದ್ದು ಕಾನ್‌ಸ್ಟೇಬಲ್, ಸಿಕ್ಕಿಬಿದ್ದಿದ್ದು ಮಾರ್ಷಲ್!

ಹಗ್ಗದ ಹಿಂದೆ ನಿಂತು ಇಷ್ಟನ್ನೂ ಪಕ್ಕದ ಕಾನ್‌ಸ್ಟೇಬಲ್‌ಗೆ ಹೇಳಿದೆ. ಮಧ್ಯೆ ಮಾರ್ಷಲ್ ಲಾ, ಅಂದರೆ ಸೇನಾ ಆಡಳಿತ, ಅದರಲ್ಲಿರುವ ಮಾರ್ಷಲ್ ಬೇರೆಯೇ ಪದ ಅಂತಲೂ ಹೇಳಿದೆ. ಅದು ರೋಮನ್ನರ ಯುದ್ಧದೇವರು ಮಾರ್ಸ್‌ನಿಂದ ಬಂದಿದ್ದು, ಕೋರ್ಟ್ ಮಾರ್ಷಲ್ಲೂ ಹಾಗೇ. ಇಂಗ್ಲಿಷಿನಲ್ಲಿ ಅಕ್ಷರ ಬೇರೆಬೇರೆ, ನಾವು ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆದು ದೇವರನ್ನೂ ಕುದುರೆ ಆಳನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೇವೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಓಡುವವರು ಆಗ ತಾನೆ ಒಬ್ಬೊಬ್ಬರೇ ಬರತೊಡಗಿದ್ದರು.

"ಆ ಕುದುರೆ ಈಗ ಯಾರ ಹತ್ರ ಇದೆ ಸರ್?" ಅಂದರು. "ನಾಲ್ಕು ಗಂಟೆಯಿಂದ ನಿಂತೇ ಇದೀನಿ."

ಏನು ಹೇಳಲಿ? ಪದಗಳು ಯಾಕೆ ಹೀಗೆ ಏರುತ್ತವೆ, ಇಳಿಯುತ್ತವೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ದೊಡ್ಡ ವಿಚಾರ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಹುಡುಗ ನಮ್ಮಿಬ್ಬರನ್ನೂ ನೋಡಿ ಮತ್ತೆ ಸೀಟಿ ಊದಿದ. ನನ್ನ ಒಂದು ಕಾಲು ಹಗ್ಗದಿಂದ ಈಚೆ ಬಂದಿತ್ತಂತೆ.

ಹಗ್ಗ ಬಿಚ್ಚಿದ್ದು ಇನ್ನೂ ನಲವತ್ತು ನಿಮಿಷ ಕಳೆದಮೇಲೆ. ಅಷ್ಟರಲ್ಲಿ ಪೇಪರ್ ಖಾಲಿ.